ಅರ್ಧ ಕೊಳೆತ ಚಕ್ಕೆ

ಮೂರು ವರ್ಷದ ಹಿಂದೆ, ಆಷಾಢದ ಜಿಟಿಜಿಟಿ ಮಳೆಯಲ್ಲಿ ನಮ್ಮ ತಾರಸಿಯ ಮಲ್ಲಿಗೆ ಗಿಡ ಸತ್ತುಹೋಯಿತು. ಬಿಸಿಲಿಗೆ ಒಣಗಿ ಸತ್ತಿದ್ದರೆ ಇಷ್ಟು ಕಾಡುತ್ತಿರಲಿಲ್ಲವೇನೋ. ಏಪ್ರಿಲ್ ಬಿಸಿಲನ್ನೆಲ್ಲ ತಡೆದುಕೊಂಡು, ಮೇ ತಿಂಗಳಿಡೀ ದಿನಕ್ಕೆ ಒಂದು ಮೊಳದಷ್ಟು ಹೂ ಕೊಟ್ಟ ಗಿಡ ಅದು. ಅಮ್ಮ ಮೈಸೂರಿನ ಸರಸ್ವತೀಪುರದ ಹಳೇ ಮನೆ ಬಿಡುವಾಗ ಕಡ್ಡಿ ಕತ್ತರಿಸಿ ಕೊಟ್ಟಿದ್ದು. ಮಳೆ ಹಿಡಿದ ಎರಡನೇ ವಾರ ಎಲೆ ಬಾಡಿತು. ನೀರು ಸಾಲದೇನೋ ಅಂದುಕೊಂಡು ಒಂದು ಚೊಂಬು ಹಾಕಿದೆ. ಮಾರನೇ ದಿನ ಇನ್ನಷ್ಟು ಬಾಡಿತು. ಇನ್ನೊಂದು ಚೊಂಬು ಹಾಕಿದೆ. ಮಳೆಗಾಲದಲ್ಲಿ ಬಾಡಿದ ಗಿಡಕ್ಕೆ ನೀರು ಹುಯ್ಯುವವರನ್ನು ಏನೆಂದು ಕರೆಯಬೇಕೋ, ನಾನಂತೂ ಒಂದು ವಾರ ಅದನ್ನೇ ಮಾಡಿದೆ.

ಕೊನೆಗೆ ಪಾಟನ್ನು ಬೋರಲು ಹಾಕಿ ತಟ್ಟಿದೆ. ಮಣ್ಣು ಪಾಟಿನ ಆಕಾರದಲ್ಲೇ, ತಟ್ಟೆಯಿಂದ ಬಿಟ್ಟುಕೊಂಡ ಇಡ್ಲಿಯ ಹಾಗೆ, ಇಡಿಯಾಗಿ ಹೊರಗೆ ಬಂತು. ಮೇಲಿನ ನಾಲ್ಕು ಬೆರಳು ಕೆಂಪಗಿತ್ತು. ಅದರ ಕೆಳಗೆಲ್ಲ ಬೂದು ಬಣ್ಣ, ತಳದಲ್ಲಿ ಕಪ್ಪು. ಮೋರಿ ವಾಸನೆ. ಒಂದು ಬೇರು ಹಿಡಿದು ಎಳೆದರೆ ಸಿಪ್ಪೆ ಕಳಚಿ ಬೆರಳಿಗೆ ಅಂಟಿಕೊಂಡಿತು, ಒಳಗಿನ ದಾರ ಮಾತ್ರ ಮಣ್ಣಲ್ಲೇ ಉಳಿಯಿತು. ನೀರಿನ ನಡುವೆ ಕೂತು ಗಿಡ ಬಾಯಾರಿ ಸತ್ತಿತ್ತು. ಬೇರು ಕೊಳೆತರೆ ನೀರು ಹೀರುವವರು ಯಾರು?

ಪಾಟಿಗೆ ಏನು ತುಂಬಬೇಕು ಅನ್ನೋದು ನಮ್ಮೂರಲ್ಲಿ ಎಲ್ಲರಿಗೂ ಬಾಯಿಪಾಠ. ಒಂದು ಪಾಲು ಕೆಮ್ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಕೊಟ್ಟಿಗೆ ಗೊಬ್ಬರ. ನಾನೂ ಇಪ್ಪತ್ತು ವರ್ಷ ಅದನ್ನೇ ತುಂಬಿದವಳು. ಆದರೆ ಈ ಲೆಕ್ಕ ಹುಟ್ಟಿದ ಕಾಲದಲ್ಲಿ ಮರಳು ಅಂದರೆ ಹೊಳೆ ಮರಳು. ಈಗ ಸಿಗೋದು ಎಂ ಸ್ಯಾಂಡ್. ಅದರಲ್ಲಿ ಕಲ್ಲಿನ ಹುಡಿ ಜಾಸ್ತಿ. ಕೆಮ್ಮಣ್ಣಿನ ಜೊತೆ ಸೇರಿ ಎರಡು ಮಳೆಗೆ ಗಾರೆಯ ಹಾಗೆ ಕೂತುಬಿಡುತ್ತದೆ. ಇದಕ್ಕೆ ಮದ್ದು ಅಂತ ಎಲ್ಲರೂ ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಹಿಡಿದರು, ನಾನೂ ಹಿಡಿದೆ. ಇಟ್ಟಿಗೆಯ ಹಾಗಿರೋದನ್ನ ಬಕೆಟ್ಟಿಗೆ ಹಾಕಿ ನೀರು ಬಿಟ್ಟರೆ ಉಬ್ಬಿ ಉಬ್ಬಿ ಹೊರಗೆ ಚೆಲ್ಲುತ್ತದೆ, ನೋಡೋಕೇ ಖುಷಿ. ಮೊದಲ ವರ್ಷ ಗಿಡಕ್ಕೂ ಖುಷಿ. ಎರಡನೇ ವರ್ಷಕ್ಕೆ ಅದು ಪುಡಿಯಾಗಿ, ಮುದ್ದೆಯಾಗಿ, ಪಾಟಿನ ಅರ್ಧಕ್ಕೆ ಇಳಿದಿರುತ್ತದೆ. ಮಲ್ಲಿಗೆ ಸತ್ತ ಪಾಟಿನಲ್ಲಿ ಇದ್ದದ್ದು ಇವೆರಡೂ ಸೇರಿದ ಮಿಶ್ರಣ.

ಸ್ಪಂಜು

ತಪ್ಪು ಎಲ್ಲಿ ಅಂತ ನನಗೆ ತಿಳಿದದ್ದು ಪಾತ್ರೆ ತೊಳೆಯುವ ಜಾಗದಲ್ಲಿ. ಸ್ಪಂಜನ್ನು ನೀರಲ್ಲಿ ಚೆನ್ನಾಗಿ ಅದ್ದಿ, ಜಾಲರಿಯ ಮೇಲೆ ಅಡ್ಡಡ್ಡ ಮಲಗಿಸಿಡಿ. ಸ್ವಲ್ಪ ನೀರು ಸುರಿದು ನಿಲ್ಲುತ್ತದೆ. ತೊಟ್ಟಿಕ್ಕೋದು ಪೂರ್ತಿ ನಿಂತ ಮೇಲೆ ಅದೇ ಸ್ಪಂಜನ್ನು ಎತ್ತಿ ಉದ್ದುದ್ದ ನಿಲ್ಲಿಸಿ. ಮತ್ತೆ ನೀರು ಸುರಿಯುತ್ತದೆ! ಹಿಂಡಿಲ್ಲ, ಒತ್ತಿಲ್ಲ, ಸುಮ್ನೆ ನಿಲ್ಲಿಸಿದ್ದು ಅಷ್ಟೆ. ಎತ್ತರ ಜಾಸ್ತಿಯಾದಷ್ಟೂ ನೀರು ಕೆಳಗೆ ಇಳಿಯುತ್ತದೆ. ಆದರೂ ತಳದಲ್ಲಿ ಒಂದಿಷ್ಟು ದಪ್ಪ ಮಾತ್ರ ಯಾವಾಗಲೂ ತೊಯ್ದೇ ಇರುತ್ತದೆ. ಪಾಟಿನಲ್ಲಿ ಆಗೋದೂ ಇದೇ. ತಳದ ತೂತು ಎಷ್ಟೇ ದೊಡ್ಡದಿರಲಿ, ಮಣ್ಣು ಹಿಡಿದಿಟ್ಟುಕೊಂಡ ಆ ಕೊನೆಯ ಪದರದ ನೀರು ಇಳಿಯೋದಿಲ್ಲ. ಮಣ್ಣು ನುಣುಪಾದಷ್ಟೂ ಆ ಪದರ ದಪ್ಪ. ಹೊಲದಲ್ಲಿ ಅದು ಎಷ್ಟೋ ಅಡಿ ಆಳದಲ್ಲಿರುತ್ತದೆ, ಪೈರಿಗೆ ಅದರ ಗೊಡವೆ ಇಲ್ಲ. ಪಾಟಿನಲ್ಲಿ ಇರೋದೇ ಒಂದಡಿ. ಅದರಲ್ಲಿ ಅರ್ಧ ಕೆರೆ.

ತಳಕ್ಕೆ ಹೆಂಚಿನ ಚೂರು, ಜಲ್ಲಿಕಲ್ಲು ಹಾಕಿದರೆ ನೀರು ಇಳಿಯುತ್ತದೆ ಅಂತ ಅಮ್ಮ ಹೇಳಿಕೊಟ್ಟಿದ್ದರು. ನಾನೂ ಎಷ್ಟೋ ಜನಕ್ಕೆ ಹೇಳಿದ್ದೇನೆ, ಕ್ಷಮೆ ಇರಲಿ. ಜಲ್ಲಿ ಹಾಕಿದರೆ ಆ ಕೆರೆ ಜಲ್ಲಿಯ ಮೇಲಕ್ಕೆ ಎದ್ದು ಕೂರುತ್ತದೆ, ಬೇರಿಗೆ ಇನ್ನೂ ಹತ್ತಿರ. ತೂತಿನ ಮೇಲೆ ಒಂದು ಚೂರು ಇಟ್ಟರೆ ಮಣ್ಣು ಸೋರದೆ ನಿಲ್ಲುತ್ತದೆ, ಅಷ್ಟು ಸರಿ. ಬೇಕಾದ್ದು ತಳದಲ್ಲಿ ಕಲ್ಲಲ್ಲ, ಪಾಟಿನ ತುಂಬ ದಪ್ಪ ತುಣುಕು. ತುಣುಕುಗಳ ನಡುವೆ ಗಾಳಿ ಆಡುವಷ್ಟು ಸಂದು. ಅಷ್ಟಾಗಿ ಆ ತುಣುಕು ಒಂದಿಷ್ಟು ನೀರನ್ನೂ ಕುಡಿದಿರಬೇಕು, ತಾರಸಿಯ ಮೇಲೆ ಭಾರವೂ ಆಗಬಾರದು, ಒಂದೇ ವರ್ಷಕ್ಕೆ ಕರಗಲೂಬಾರದು. ಕಲ್ಲು ನೀರು ಕುಡಿಯಲ್ಲ. ಎಲೆಗೊಬ್ಬರ ಬೇಗ ಕರಗುತ್ತದೆ. ಉಳಿದದ್ದು ತೊಗಟೆ.

ಅಡುಗೆಮನೆಯಲ್ಲಿ ನಿಂತೇ ಇದಕ್ಕೆ ಸಾಕ್ಷಿ ಸಿಕ್ಕಿತು. ಮಸಾಲೆ ಡಬ್ಬದಲ್ಲಿ ಚಕ್ಕೆ ಇರುತ್ತದೆ. ಅದೂ ತೊಗಟೆಯೇ ಅಲ್ವಾ. ಪಕ್ಕದ ಡಬ್ಬದ ರವೆಗೆ ಎರಡು ತಿಂಗಳಿಗೆ ಹುಳ ಬೀಳುತ್ತದೆ. ಚಕ್ಕೆ ವರ್ಷವಾದರೂ ಹಾಗೇ ಇರುತ್ತದೆ. ಮರದ ಚರ್ಮ ಅದು, ಹುಳ ಬೂಷ್ಟು ಒಳಗೆ ಹೋಗದಂತೆ ತಡೆಯೋದೇ ಅದರ ಕೆಲಸ. ಬಾಟಲಿಗೆ ಹಾಕುವ ಬಿರಡೆಯೂ ಒಂದು ಜಾತಿಯ ಓಕ್ ಮರದ ತೊಗಟೆ. ನೀರು ದಾಟಬಾರದು ಅಂತಲೇ ಅದನ್ನ ಹಾಕೋದು. ಈ ಗುಣ ನನ್ನ ಪರವೋ ವಿರುದ್ಧವೋ ಅನ್ನೋದು ಆಗ ಹೊಳೆಯಲಿಲ್ಲ.

ಸಾಮಿಲ್ಲು

ಹುಣಸೂರು ರಸ್ತೆಯ ಕಡೆ ಒಂದು ಸಾಮಿಲ್ಲಿದೆ. ಕೊಡಗಿನ ಕಾಫಿ ತೋಟಗಳಿಂದ ಸಿಲ್ವರ್ ಓಕ್ ದಿಮ್ಮಿಗಳು ಬರುತ್ತವೆ. ಕುಯ್ಯುವಾಗ ಸಿಡಿದ ಸಿಪ್ಪೆ, ದಿಮ್ಮಿಯಿಂದ ಕಳಚಿ ಬಿದ್ದ ಚಕ್ಕೆ ಎಲ್ಲ ಹಿಂದಿನ ಕಾಂಪೌಂಡಿಗೆ ಒರಗಿಸಿದ ಗುಡ್ಡೆ. ನಾನು ಚೀಲ ಹಿಡಿದು ನಿಂತಾಗ ಅಲ್ಲಿನ ಮೇಸ್ತ್ರಿ ಕೆಳಗಿಂದ ಮೇಲೆ ನೋಡಿದ.

'ಒಲೆಗಾ ಮೇಡಂ?'

'ಅಲ್ಲಪ್ಪ, ಗಿಡಕ್ಕೆ.'

'ಗಿಡಕ್ಕೆ ಚಕ್ಕೆನಾ?' ಅಂತ ಇನ್ನೊಬ್ಬನ ಮುಖ ನೋಡಿ ನಕ್ಕ. 'ಇದು ಹುಣಸೂರು ಕಡೆ ಹೊಗೆಸೊಪ್ಪಿನ ಬ್ಯಾರನ್ನಿಗೆ ಹೋಗುತ್ತೆ ಮೇಡಂ, ಉರಿಸೋಕೆ. ನಿಮಗೆ ಎಷ್ಟು ಬೇಕೋ ತಗೊಂಡು ಹೋಗಿ. ಕಾಸೇನೂ ಬೇಡ.'

ಎರಡು ಚೀಲ ತುಂಬಿಕೊಂಡೆ. ಅದರಲ್ಲಿ ಗರಗಸದ ಹೊಟ್ಟು ಬೆರೆಯದ ಹಾಗೆ ಮೇಲಿಂದ ಆರಿಸಿಕೊಂಡದ್ದಕ್ಕೆ ಅವರಿಗೆ ಇನ್ನಷ್ಟು ನಗು. ಹೊಟ್ಟು ಬೇರೆ, ತೊಗಟೆ ಬೇರೆ. ಹೊಟ್ಟು ಬೇಗ ಕೊಳೆತು ಮುದ್ದೆಯಾಗುತ್ತದೆ. ಪಾಲಿಶ್, ಪ್ಲೈವುಡ್ ಅಂಟು ತಗುಲಿದ ಮರದ್ದಾದರಂತೂ ಗಿಡದ ಹತ್ತಿರ ತರಲೇಬಾರದು.

ಮನೆಗೆ ತಂದು ನೀರಲ್ಲಿ ನೆನೆಹಾಕಿದೆ. ಮಾರನೇ ಬೆಳಿಗ್ಗೆ ಬಕೆಟ್ಟಿನ ನೀರು ಗಟ್ಟಿ ಡಿಕಾಕ್ಷನ್ನಿನ ಬಣ್ಣ. ನಾಲಿಗೆಯ ತುದಿಗೆ ಮುಟ್ಟಿಸಿದರೆ ಹಸಿ ಅಡಿಕೆಯ ಒಗರು. (ಎಲ್ಲರೂ ಹೀಗೆ ನೆಕ್ಕಿ ನೋಡಿ ಅಂತ ಹೇಳುತ್ತಿಲ್ಲ.) ಒಗರು ಅಂದರೆ ಟ್ಯಾನಿನ್. ನಮ್ಮ ಕಡೆ ಬಯಲಲ್ಲಿ ಹಳದಿ ಹೂ ಬಿಡುವ ತಂಗಡಿ ಇದೆಯಲ್ಲ, ಅದರ ತೊಗಟೆಯಿಂದ, ಕರಿಜಾಲಿಯ ತೊಗಟೆಯಿಂದ ಚರ್ಮ ಹದ ಮಾಡುತ್ತಿದ್ದರು. ಸತ್ತ ದನದ ಚರ್ಮ ಕೊಳೆಯದೆ ಚಪ್ಪಲಿಯಾಗಿ ಹತ್ತು ವರ್ಷ ಬಾಳುವುದು ಈ ಒಗರಿನಿಂದ. ಚರ್ಮವನ್ನು ಕೊಳೆಯದಂತೆ ತಡೆಯುವ ವಸ್ತು ತನ್ನನ್ನು ತಾನು ಬಿಟ್ಟುಕೊಡುತ್ತದೆಯೇ?

ಆ ಪ್ರಶ್ನೆ ಅವತ್ತು ಕೇಳಿಕೊಂಡಿದ್ದರೆ ಒಂದು ಬೆಳೆ ಉಳಿಯುತ್ತಿತ್ತು. ನಾನು ಮೂರು ಸಲ ನೀರು ಬಸಿದು, ಇಷ್ಟು ಸಾಕು ಅಂದುಕೊಂಡು, ಹಸಿ ಚಕ್ಕೆಯನ್ನೇ ಕುಟ್ಟಿ ಗೊಬ್ಬರದ ಜೊತೆ ಕಲಸಿ ಆರು ಪಾಟಿಗೆ ಟೊಮೇಟೊ ಇಟ್ಟೆ. ಬೇರು ಕೊಳೆಯಲಿಲ್ಲ, ನಿಜ. ಆದರೆ ಇಪ್ಪತ್ತು ದಿನಕ್ಕೆ ಕೆಳಗಿನ ಎಲೆಗಳಿಂದ ಶುರುವಾಗಿ ಗಿಡವೆಲ್ಲ ಅರಿಶಿನದ ನೀರು ಹುಯ್ದ ಹಾಗೆ ಹಳದಿ. ಗೇಣುದ್ದದಲ್ಲೇ ನಿಂತವು. ಒಂದೊಂದು ಗಿಡಕ್ಕೆ ಎರಡೋ ಮೂರೋ ಗೋಲಿಯಂಥ ಕಾಯಿ.

ಕಾರಣ ಇಷ್ಟೇ. ಕೊಳೆಸುವ ಜೀವಿಗಳಿಗೆ ಇಂಗಾಲ ಅನ್ನವಾದರೆ ಸಾರಜನಕ ಸಾರು. ಇಪ್ಪತ್ತೈದು ಮೂವತ್ತು ಪಾಲು ಅನ್ನಕ್ಕೆ ಒಂದು ಪಾಲು ಸಾರಿದ್ದರೆ ಅವು ಬೇರೆಯವರ ಎಲೆ ನೋಡಲ್ಲ. ತೊಗಟೆಯಲ್ಲಿ ಒಂದು ಪಾಲು ಸಾರಿಗೆ ನೂರು ಪಾಲಿಗಿಂತ ಜಾಸ್ತಿ ಅನ್ನ, ಕೆಲವು ಮರದ್ದರಲ್ಲಿ ಇನ್ನೂ ಎಷ್ಟೋ ಪಟ್ಟು. ಬರೀ ಅನ್ನ ಬಡಿಸಿ ಹೋದರೆ ಪಂಕ್ತಿಯಲ್ಲಿ ಕೂತವರು ಏನು ಮಾಡ್ತಾರೆ? ಪಕ್ಕದ ಎಲೆಯ ಸಾರಿಗೆ ಕೈ ಹಾಕ್ತಾರೆ. ಪಕ್ಕದ ಎಲೆ ನನ್ನ ಟೊಮೇಟೊದು. ಹೀಗೆ ಕದ್ದ ಸಾರಜನಕ ಎಲ್ಲೂ ಹೋಗಿರಲ್ಲ, ಆ ಜೀವಿಗಳು ಸತ್ತ ಮೇಲೆ ವಾಪಸ್ ಬರುತ್ತದೆ. ಅಷ್ಟು ಹೊತ್ತಿಗೆ ಟೊಮೇಟೊ ಇರಲ್ಲ. ಆದ್ದರಿಂದ ಈ ಜಗಳವೆಲ್ಲ ಪಾಟಿನ ಒಳಗಲ್ಲ, ಹೊರಗೆ ಮುಗಿಯಬೇಕು. ತೊಗಟೆಯನ್ನು ಮೊದಲೇ ಕೊಳೆಸಬೇಕು.

ಚಿಕ್ಕಪ್ಪನ ಹಿತ್ತಲು

ತಾರಸಿಯ ಮೇಲೆ ಡ್ರಮ್ಮಿನಲ್ಲಿ ಕೊಳೆಸಲು ನೋಡಿದೆ. ಎರಡು ತಿಂಗಳಾದರೂ ಚಕ್ಕೆ ಚಕ್ಕೆಯಾಗೇ ಇತ್ತು. ಗುಡ್ಡೆ ಚಿಕ್ಕದಾದರೆ ಒಳಗೆ ಹುಟ್ಟಿದ ಕಾವು ಅಲ್ಲಿ ನಿಲ್ಲಲ್ಲ. ಮೂರಡಿ ಉದ್ದ, ಮೂರಡಿ ಅಗಲ, ಮೂರಡಿ ಎತ್ತರವಾದರೂ ಬೇಕು. ಅಷ್ಟು ಜಾಗ ಇರೋದು ಪಾಂಡವಪುರದ ಹತ್ತಿರ ನಮ್ಮ ಚಿಕ್ಕಪ್ಪನ ಹಿತ್ತಲಲ್ಲಿ. ದೀಪಾವಳಿ ಕಳೆದ ಮೇಲೆ ಒಂದು ಗೂಡ್ಸ್ ಆಟೋಗೆ ಹದಿನೆಂಟು ಚೀಲ ಚಕ್ಕೆ ಹೇರಿಸಿಕೊಂಡು ಹೋದೆ. ಚಿಕ್ಕಪ್ಪ ಜಗಲಿಯಿಂದ ಇಳಿದು ಬಂದು ಒಂದು ಚೀಲದೊಳಗೆ ಕೈ ಹಾಕಿದರು.

'ಏನವ್ವ ಇದು, ಮೈಸೂರಿಂದ ಸೌದೆ ತಂದಿದ್ದೀಯ?'

'ಸೌದೆ ಅಲ್ಲ ಚಿಕ್ಕಪ್ಪ, ಗೊಬ್ಬರ ಮಾಡೋಕೆ.'

'ಸೌದೆ ಗೊಬ್ಬರ ಆಗೋ ಹೊತ್ಗೆ ನನ್ ತಿಥಿ ಆಗಿರ್ತದೆ ಕಣವ್ವ.'

ಅಂದರೂ ಬಿಡಲಿಲ್ಲ. ಕಬ್ಬಿನ ತರಗು ಕೊಳೆಸಿ ಗೊತ್ತಿದ್ದವರು. ಅದೂ ಬೇಗ ಬಗ್ಗುವಂಥದ್ದಲ್ಲ. ಮೊದಲು ಚಕ್ಕೆಯನ್ನು ದೊಣ್ಣೆಯಿಂದ ಬಡಿಸಿದರು, ಹೆಬ್ಬೆರಳಿನ ಉಗುರಿನಷ್ಟಾಗುವವರೆಗೆ. ಆಮೇಲೆ ತೊಟ್ಟಿಯಲ್ಲಿ ಒಂದು ರಾತ್ರಿ ನೆನೆಸಿದೆವು. ಒಣ ತೊಗಟೆಯ ಮೇಲೆ ನೀರು ಹುಯ್ದರೆ ಕೆಸುವಿನೆಲೆಯ ಮೇಲಿನ ನೀರಿನ ಹಾಗೆ ಜಾರಿಹೋಗುತ್ತದೆ, ಒಳಗೆ ಇಳಿಯಲ್ಲ. ನೆನೆದದ್ದನ್ನು ಒಂದು ಪದರ ಹರಡಿ, ಸಗಣಿ ಬಗ್ಗಡ, ಮತ್ತೆ ಚಕ್ಕೆ, ಮತ್ತೆ ಬಗ್ಗಡ. ಕೊಟ್ಟಿಗೆಯ ಗಂಜಲವನ್ನು ಕೊಡದಲ್ಲಿ ಹಿಡಿದು ತಂದು ಹುಯ್ದರು. ನಾನು ಚೀಲಕ್ಕೆ ಎರಡು ಹಿಡಿಯ ಲೆಕ್ಕದಲ್ಲಿ ಯೂರಿಯಾವನ್ನೂ ಎರಚಿದೆ. ಯೂರಿಯಾದಲ್ಲಿ ನೂರಕ್ಕೆ 46 ಪಾಲು ಸಾರಜನಕವೇ ಇರುವುದರಿಂದ ಸಾರಿನ ಲೆಕ್ಕಕ್ಕೆ ಅದು ಸುಲಭ. ಸಾವಯವ ಮಾಡುವವರು ಮೂಗು ಮುರಿಯಬಹುದು. ಅವರು ಕಡ್ಲೆಕಾಯಿ ಹಿಂಡಿ ಹಾಕಲಿ, ಕೆಲಸ ಅದೇ, ಕಾಸು ಜಾಸ್ತಿ. ಮೇಲೆ ತೆಂಗಿನ ಗರಿ ಮುಚ್ಚಿ ಬಂದೆವು.

ಹತ್ತು ದಿನ ಬಿಟ್ಟು ಹೋದಾಗ ಚಿಕ್ಕಪ್ಪ ಮಾತಾಡದೆ ಹಿತ್ತಲಿಗೆ ಕರೆದುಕೊಂಡು ಹೋದರು. ಗುಡ್ಡೆಗೆ ಕಬ್ಬಿಣದ ಹಾರೆ ಚುಚ್ಚಿಟ್ಟಿತ್ತು. ಅದನ್ನು ಎಳೆದು, ಒಳಗಿದ್ದ ತುದಿಯನ್ನು ನನ್ನ ಮುಂಗೈಗೆ ಮುಟ್ಟಿಸಿದರು. ಹಾರಿಬಿದ್ದೆ. ಆಗ ನೀರೊಲೆಯ ಹಂಡೆ ಮುಟ್ಟಿದ ಹಾಗಾಯಿತು. ಇಂಥ ಗುಡ್ಡೆಯ ಹೊಟ್ಟೆ 55 ರಿಂದ 65 ಡಿಗ್ರಿಯವರೆಗೂ ಏರುತ್ತದೆ. ರೋಗದ ಬೀಜ, ಕಳೆಯ ಬೀಜ ಬಹುಪಾಲು ಅಲ್ಲೇ ಬೇಯುತ್ತವೆ.

'ಒಳಗೆ ಬೇಯ್ತಾ ಐತೆ,' ಅಂದರು ಚಿಕ್ಕಪ್ಪ. 'ಈಗ ತಿರುವಾಕ್ಬೇಕು. ಇಲ್ದಿದ್ರೆ ತಳ ಸೀಯ್ತದೆ.'

ಸೀಯುವುದು ಅಂದರೆ ಸುಡುವುದಲ್ಲ, ಗಾಳಿಯಿಲ್ಲದೆ ಹುಳಿಯಾಗುವುದು. ಮುದ್ದೆ ತಿರುವುವವರ ಮಾತು. ಅವತ್ತು ತಿರುವಿದಾಗ ಎದ್ದ ಹಬೆಯಲ್ಲಿ ಅಮೋನಿಯಾ ಘಾಟು, ಕಣ್ಣಲ್ಲಿ ನೀರು. ಎರಡು ಮೂರು ವಾರಕ್ಕೊಮ್ಮೆ ಹೀಗೇ ನಡೆಯಿತು. ಮೇಲಿನದು ಒಳಗೆ, ಒಳಗಿನದು ಮೇಲೆ, ಒಣಗಿದ್ದರೆ ನೀರು. ಸಂಕ್ರಾಂತಿಗೆ ಕಿಚ್ಚು ಹಾಯಿಸುವುದನ್ನು ನೋಡಲು ಹೋದರೆ, ಮಿಕ್ಕಿದ್ದ ಎರಡು ಚೀಲ ಒಣ ಚಕ್ಕೆ ಕಾಣೆ. ಊರ ಹುಡುಗರು ಕಿಚ್ಚಿಗೆ ಹಾಕಿದ್ದರು. ಚೆನ್ನಾಗಿ ಉರಿಯಿತಂತೆ. ಚಿಕ್ಕಪ್ಪನಿಗೆ ಇದು ಮಹಾ ಖುಷಿ. 'ನಾನೇಳ್ಲಿಲ್ವ, ಸೌದೆ ಅಂತ?'

ಮಾಘದ ಹೊತ್ತಿಗೆ ಘಾಟು ಹೋಯಿತು. ಚಕ್ಕೆಯ ಮೇಲೆಲ್ಲ ಬಿಳಿ ನೂಲು. ಚಿಕ್ಕಮ್ಮ ಬೂಷ್ಟು ಬಂತು, ಕೆಟ್ಟುಹೋಯ್ತು ಅಂತ ಗಾಬರಿಯಾದರು. ಉಪ್ಪಿನಕಾಯಿಗೆ ಬಂದರೆ ಕೆಟ್ಟದ್ದೇ, ಇಲ್ಲಿ ಬೇಕಾದದ್ದು ಅದೇ. ತೊಗಟೆಯ ಗಟ್ಟಿ ಭಾಗವನ್ನು ಒಡೆಯೋದು ಬಹುಪಾಲು ಶಿಲೀಂಧ್ರಗಳ ಕೆಲಸ. ಆದರೆ ಗುಡ್ಡೆಯ ಬುಡ ಕೆದಕಿದಾಗ ಸಿಕ್ಕಿದ್ದು ಬೇಕಾದದ್ದಲ್ಲ. ಹೆಬ್ಬೆರಳು ಗಾತ್ರದ, ಬೆಳ್ಳಗೆ ಮುರುಟಿಕೊಂಡ ಗೊಣ್ಣೆಹುಳಗಳು. ಕಂದು ತಲೆ, ಕೆಳಹೊಟ್ಟೆಯಲ್ಲಿ ತಿಂದದ್ದು ಕಪ್ಪಗೆ ಕಾಣುತ್ತಿತ್ತು. ತೆಂಗಿನ ಸುಳಿ ಕೊರೆಯುವ ದುಂಬಿ ಮೊಟ್ಟೆಯಿಡೋದು ಇಂಥ ಕೊಳೆಯುವ ಗುಡ್ಡೆಯಲ್ಲೇ. ಚಿಕ್ಕಪ್ಪ ಒಂದೊಂದನ್ನೇ ಎರಡು ಬೆರಳಲ್ಲಿ ಎತ್ತಿ ಕೋಳಿಗೆ ಎಸೆದರು. ಹಿತ್ತಲಲ್ಲಿ ತೆಂಗಿದ್ದವರು ಗುಡ್ಡೆಯನ್ನು ತಿರುವದೆ ತಿಂಗಳುಗಟ್ಟಲೆ ಬಿಟ್ಟರೆ ದುಂಬಿ ಸಾಕಿದ ಹಾಗೆ.

ಎಲ್ಲಿಗೆ ನಿಲ್ಲಿಸೋದು

ನನಗೆ ಇದರಲ್ಲಿ ತುಂಬಾ ಹಿಡಿಸಿದ್ದು, ತುಂಬಾ ಕಷ್ಟವಾದದ್ದು ಎರಡೂ ಒಂದೇ. ಯಾವಾಗ ಸಾಕು ಅನ್ನೋದು. ತಿಪ್ಪೆ ಗೊಬ್ಬರಕ್ಕೆ ಈ ಪ್ರಶ್ನೆ ಇಲ್ಲ. ಕೊಳೆತಷ್ಟೂ ಒಳ್ಳೇದು, ಪುಡಿಪುಡಿಯಾದಷ್ಟೂ ಬೆಲೆ. ಚಿಕ್ಕಪ್ಪನ ಲೆಕ್ಕವೂ ಅದೇ, 'ಇನ್ನೊಂದು ವರ್ಸ ಬುಡವ್ವ, ಹೆಂಗಾಯ್ತದೆ ನೋಡು.' ಆದರೆ ಪೂರ್ತಿ ಕೊಳೆತ ತೊಗಟೆ ನನಗೆ ಬೇಡ. ಅದು ಬರೀ ಕಪ್ಪು ಪುಡಿ, ಮತ್ತೆ ಅದೇ ಇಡ್ಲಿ, ಅದೇ ಕೆರೆ. ಹಸಿಯೂ ಆಗಬಾರದು, ಟೊಮೇಟೊ ಕಂಡಿದ್ದೇನೆ. ಸಾರು ಕದಿಯುವ ಹಸಿವು ತೀರಿರಬೇಕು, ಮೈ ಮಾತ್ರ ಇನ್ನೂ ಗಟ್ಟಿ ಇರಬೇಕು. ಬೇಗ ಕರಗುವ ಭಾಗ ಹೋಗಿ, ನಿಧಾನದ ಭಾಗ ಉಳಿದ ಹೊತ್ತು.

ಈ ಹೊತ್ತು ನೀರು ಇಂಗುವುದಕ್ಕೆ ಮಾತ್ರ ಸಂಬಂಧಪಟ್ಟದ್ದಲ್ಲ ಅಂತ ಆಮೇಲೆ ಓದಿದೆ. ಅಮೆರಿಕದ ಸಾಮಿಲ್ಲುಗಳಲ್ಲೂ ಒಂದು ಕಾಲಕ್ಕೆ ತೊಗಟೆ ಸುಡುವ ಕಸವೇ ಆಗಿತ್ತು. ಜೌಗು ನೆಲದಿಂದ ಅಗೆದು ತೆಗೆಯುವ ಪೀಟ್‌ಗೆ ಬದಲು ಅಗ್ಗಕ್ಕೆ ಸಿಗುತ್ತದೆ ಅಂತ ನರ್ಸರಿಯವರು ಅದನ್ನು ಪಾಟಿಗೆ ತುಂಬತೊಡಗಿದರು. ಕೊಳೆಸಿದ ತೊಗಟೆಯಲ್ಲಿ ಬೇರು ಕೊಳೆರೋಗವೂ ಕಮ್ಮಿ ಅನ್ನುವುದು ಕಣ್ಣಿಗೆ ಬಿತ್ತು. ಒಹಾಯೊದಲ್ಲಿ ಹ್ಯಾರಿ ಹಾಯ್ಟಿಂಕ್ ಅನ್ನುವ ವಿಜ್ಞಾನಿ 1970ರ ದಶಕದಿಂದ ಇದರ ಬೆನ್ನು ಹತ್ತಿದರು. ಗಾಳಿ ಆಡುವುದು ಒಂದು ಕಾರಣ. ಇನ್ನೊಂದು, ಕೊಳೆತ ತೊಗಟೆಯಲ್ಲಿ ಮನೆಮಾಡುವ ಟ್ರೈಕೋಡರ್ಮಾದಂಥ ಶಿಲೀಂಧ್ರಗಳು ರೋಗದ ಶಿಲೀಂಧ್ರವನ್ನೇ ತಿನ್ನುತ್ತವೆ. ನಮ್ಮ ಗೊಬ್ಬರದಂಗಡಿಗಳಲ್ಲಿ ಪೊಟ್ಟಣದಲ್ಲಿ ಸಿಗುತ್ತಲ್ಲ, ಅದೇ ಟ್ರೈಕೋಡರ್ಮಾ. ಸ್ವಾರಸ್ಯ ಏನೆಂದರೆ, ತೊಗಟೆ ಇನ್ನೂ ಹಸಿಯಿದ್ದಾಗ ಅದರಲ್ಲಿ ಸೆಲ್ಯುಲೋಸ್ ಅನ್ನುವ ನಾರಿನ ಅಂಶ ಬೇಕಾದಷ್ಟಿರುತ್ತದೆ. ಟ್ರೈಕೋಡರ್ಮಾ ಅದನ್ನೇ ತಿಂದುಕೊಂಡು ಸುಮ್ಮನಿರುತ್ತದೆ, ರೈಜೋಕ್ಟೋನಿಯಾ ಅನ್ನುವ ರೋಗದ ಶಿಲೀಂಧ್ರ ಪಕ್ಕದಲ್ಲೇ ಇದ್ದರೂ ಮುಟ್ಟಲ್ಲ. ಸೆಲ್ಯುಲೋಸ್ ಮುಗಿದ ಮೇಲೆ ಅದರ ಮೇಲೆ ಬೀಳುತ್ತದೆ. ಹಾಲನ್ನದ ತಟ್ಟೆ ಮುಂದಿರುವಾಗ ಬೆಕ್ಕು ಇಲಿ ಹಿಡಿಯುತ್ತಾ? ಪೊಟ್ಟಣ ತಂದು ಬೆರೆಸುವುದಾದರೂ ಗುಡ್ಡೆಯ ಕಾವು ಪೂರ್ತಿ ಆರಿದ ಮೇಲೆ. ಬಿಸಿಯಲ್ಲಿ ಹಾಕಿದರೆ ಅದೂ ಬೇಯುತ್ತದೆ.

ನಾನು ಆ ಹೊತ್ತನ್ನು ಕಂಡುಹಿಡಿಯೋದು ಮೂಗಿನಿಂದ ಮತ್ತು ಮೆಂತ್ಯದಿಂದ. ಒಂದು ಹಿಡಿ ಒದ್ದೆ ತೊಗಟೆಯನ್ನು ಮುಚ್ಚಳವಿರುವ ಡಬ್ಬಿಯಲ್ಲಿ ಮೂರು ದಿನ ಇಟ್ಟು ತೆರೆಯುತ್ತೇನೆ. ಹುಳಿ ಅಥವಾ ಘಾಟು ಬಡಿದರೆ ಇನ್ನೂ ಆಗಿಲ್ಲ. ಮೊದಲ ಮಳೆ ಬಿದ್ದ ತೋಟದ ವಾಸನೆ ಬಂದರೆ ಆಯಿತು. ಆಮೇಲೆ ಅದೇ ತೊಗಟೆಯನ್ನು ಒಂದು ಹಳೇ ತಟ್ಟೆಯಲ್ಲಿ ಹರಡಿ ಮೆಂತ್ಯ ಚೆಲ್ಲುತ್ತೇನೆ. ಮಾಘದಲ್ಲಿ ಚೆಲ್ಲಿದ ಮೆಂತ್ಯ ಎರಡೆಲೆಗೆ ಬಂದು ಹಳದಿಯಾಯಿತು. ಯುಗಾದಿಯ ವಾರ ಚೆಲ್ಲಿದ್ದು ನಾಲ್ಕೆಲೆಗೂ ಹಸಿರಾಗಿತ್ತು. ಐದು ತಿಂಗಳು ಹಿಡಿದಿತ್ತು. ಚಕ್ಕೆ ಬೂದು ಬಣ್ಣದಿಂದ ಕಾಫಿಪುಡಿಯ ಬಣ್ಣಕ್ಕೆ ತಿರುಗಿತ್ತು. ಬೆರಳಲ್ಲಿ ಬಗ್ಗಿಸಿದರೆ ಬಗ್ಗಿ ಮುರಿಯುತ್ತಿತ್ತು, ಹಿಸುಕಿದರೆ ಪುಡಿಯಾಗುತ್ತಿರಲಿಲ್ಲ. ಹದಿನಾರು ಚೀಲ ಹಾಕಿದ್ದು ಹತ್ತಾಗಿತ್ತು.

ಒಂದು ಬಾಂಡ್ಲಿ ಮಣ್ಣು

ತಂದದ್ದನ್ನು ಮರಳು ಜರಡಿಯಲ್ಲಿ ಹಿಡಿದೆ. ದಪ್ಪ ಚಕ್ಕೆ ಮುಂದಿನ ಗುಡ್ಡೆಗೆ ವಾಪಸ್. ಬಟಾಣಿಗಿಂತ ಚಿಕ್ಕದು, ಸಾಸಿವೆಗಿಂತ ದೊಡ್ಡದು ಪಾಟಿಗೆ. ಈಗ ನನ್ನ ಅಳತೆ ನಾಲ್ಕು ಬಾಂಡ್ಲಿ ತೊಗಟೆಗೆ ಒಂದು ಬಾಂಡ್ಲಿ ತೊಳೆದ ಕೋಕೋಪೀಟ್, ಅರ್ಧ ಎರೆಗೊಬ್ಬರ, ಒಂದು ಕೆಮ್ಮಣ್ಣು, ಎರಡು ಹಿಡಿ ಬೇವಿನ ಹಿಂಡಿ. ಕೋಕೋಪೀಟನ್ನು ತೊಳೆಯೋದು ಅದರಲ್ಲಿ ಉಪ್ಪು ಉಳಿದಿರಬಹುದು ಅಂತ. ಪರದೇಶದವರು ಐದು ಪಾಲು ತೊಗಟೆಗೆ ಒಂದು ಪಾಲು ಪೀಟ್, ಒಂದು ಪಾಲು ಪರ್ಲೈಟ್ (ಕಾಯಿಸಿ ಉಬ್ಬಿಸಿದ ಹಗುರ ಬಿಳಿ ಕಲ್ಲಿನ ಹರಳು) ಅನ್ನುತ್ತಾರೆ. ಅದನ್ನು ಹಾಗೇ ಮಾಡಿ ನೋಡಿದ್ದೇನೆ. ಮೈಸೂರಿನ ಏಪ್ರಿಲ್‌ನಲ್ಲಿ ದಿನಕ್ಕೆ ಎರಡು ಸಲ ನೀರು ಹಾಕಿದರೂ ಸಂಜೆಗೆ ಗಿಡ ತಲೆ ಬಗ್ಗಿಸುತ್ತಿತ್ತು.

ಮಣ್ಣಿಗೆ ಒಂದಿಷ್ಟು ತೊಗಟೆ ಬೆರೆಸಿದರೆ ಸಾಲದಾ ಅಂತ ಕೇಳುವವರಿದ್ದಾರೆ. ಸಾಲದು. ಒಂದು ಡಬ್ಬ ಕಡ್ಲೆಪುರಿಗೆ ಒಂದು ಲೋಟ ಹುರಿಗಡಲೆ ಹಿಟ್ಟು ಸುರಿದು ಅಲ್ಲಾಡಿಸಿ. ಡಬ್ಬ ಮೇಲೆ ಬರಲ್ಲ, ಹಿಟ್ಟೆಲ್ಲ ಪುರಿಯ ಸಂದಿಗೆ ಇಳಿಯುತ್ತದೆ. ಹಿಟ್ಟೇ ಜಾಸ್ತಿಯಾದರೆ ಪುರಿ ಅದರೊಳಗೆ ಮುಳುಗಿರುತ್ತದೆ, ಒಂದು ಪುರಿ ಇನ್ನೊಂದಕ್ಕೆ ತಾಗೋದೇ ಇಲ್ಲ. ಸಂದು ಉಳಿಯಬೇಕಾದರೆ ಪುರಿ ಪುರಿಗೆ ತಾಗುವಷ್ಟಿರಬೇಕು. ಅಂದರೆ ತೊಗಟೆಯದ್ದೇ ಮೇಲುಗೈ ಇರಬೇಕು.

ಹಾಗಿದ್ದ ಮೇಲೆ ಆ ಒಂದು ಬಾಂಡ್ಲಿ ಕೆಮ್ಮಣ್ಣು ಯಾಕೆ ಅಂದರೆ, ಅರ್ಧ ಉತ್ತರ ಇದೆ. ಮಣ್ಣಿನ ಜೇಡಿ ಗೊಬ್ಬರದ ಸತ್ವವನ್ನು ಹಿಡಿದಿಟ್ಟುಕೊಳ್ಳುತ್ತದೆ. ತೊಗಟೆ ಮಿಶ್ರಣ ಬೇಗ ಬಸಿಯುವುದರಿಂದ ನೀರಿನ ಜೊತೆ ಸತ್ವವೂ ಸೋರುತ್ತದೆ, ಹದಿನೈದು ದಿನಕ್ಕೊಮ್ಮೆ ಕಡ್ಲೆಕಾಯಿ ಹಿಂಡಿ ನೆನೆಸಿದ ನೀರು ಕೊಡಲೇಬೇಕು. (ಆ ದಿನ ಕೆಳಗಿನ ಮನೆಯವರು ಕಿಟಕಿ ಹಾಕಿಕೊಳ್ಳುತ್ತಾರೆ.) ಇನ್ನರ್ಧ ಉತ್ತರ ಚಿಕ್ಕಪ್ಪನದು. ನನ್ನ ಪಾಟಿನೊಳಗೆ ಇಣುಕಿ ಅವರು 'ಮಣ್ಣೇ ಇಲ್ದೆ ಗಿಡ ಯಾವುದ್ರ ಮೇಲೆ ನಿಂತ್ಕತದವ್ವ?' ಅಂದಿದ್ದರು. ಗಾಳಿಯ ಮೇಲೆ ಅನ್ನೋದೇ ಸರಿಯಾದ ಉತ್ತರ. ಅವರ ಮುಂದೆ ಬಾಯಿಗೆ ಬರಲಿಲ್ಲ. ಅವರೇ ಹೊಲದಿಂದ ಒಂದು ಚೀಲ ಮಣ್ಣು ತುಂಬಿ ಡಿಕ್ಕಿಗೆ ಹಾಕಿದರು. ಅದನ್ನು ಚೆಲ್ಲಲಾಗದೆ ಒಂದೊಂದು ಬಾಂಡ್ಲಿ ಬೆರೆಸುತ್ತಾ ಬಂದಿದ್ದೇನೆ.

ಹೊಸ ಮಲ್ಲಿಗೆ ಇರೋದು ಈ ಮಿಶ್ರಣದಲ್ಲಿ. ಅಮ್ಮನ ಗಿಡದ ಕಡ್ಡಿ ಸದ್ಯ ನಾದಿನಿಯ ಮನೆಯಲ್ಲಿ ಬದುಕಿತ್ತು, ಅಲ್ಲಿಂದ ತಂದದ್ದು. ಎರಡು ಆಷಾಢ ದಾಟಿದೆ. ಪಾಟು ತುಂಬ ನೀರು ಹುಯ್ದರೆ ಎಣಿಸಿ ಹತ್ತು ಹೇಳುವುದರೊಳಗೆ ಕೆಳಗೆ ಸುರಿಯುತ್ತದೆ. ಮಿಶ್ರಣ ಇಷ್ಟು ದಿನಕ್ಕೆ ಎರಡು ಬೆರಳು ಇಳಿದಿರಬಹುದು. ಹಳೇ ಮಣ್ಣಿನ ಪಾಟು ಒದ್ದೆಯಾಗಿದ್ದಾಗ ತೂಕ ನೋಡಿದ್ದೆ, 24 ಕೆಜಿ. ಅಷ್ಟೇ ದೊಡ್ಡ ಈ ಪಾಟು ಒದ್ದೆಯಾಗಿ 13 ಕೆಜಿ. ನನ್ನ ಮಂಡಿಗೆ ಈ ವ್ಯತ್ಯಾಸ ಬೇರೆ ಯಾವುದಕ್ಕಿಂತ ಬೇಗ ಅರ್ಥವಾಯಿತು.

ಹೋದ ವಾರ ಮುಂದಿನ ಗುಡ್ಡೆಗೆ ಚಕ್ಕೆ ತರೋಣ ಅಂತ ಸಾಮಿಲ್ಲಿಗೆ ಹೋದೆ. ಮೇಸ್ತ್ರಿ ಗುರುತು ಹಿಡಿದ. ಗುಡ್ಡೆಯ ಮೇಲೆ ಟಾರ್ಪಾಲು ಹೊದಿಸಿತ್ತು.

'ಈಗ ಚೀಲಕ್ಕೆ ಅರವತ್ತು ರೂಪಾಯಿ ಮೇಡಂ.'

'ಕಾಸು ಬೇಡ ಅಂದಿದ್ದೆಯಲ್ಲಪ್ಪ?'

'ಆಗ ಸೌದೆ ಅಂದ್ಕೊಂಡಿದ್ದೆ. ನೀವೇ ಹೇಳಿದ್ರಲ್ಲ, ಗಿಡಕ್ಕೆ ಅಂತ. ಈಗ ಕುವೆಂಪುನಗರದಿಂದ ಇನ್ನಿಬ್ಬರು ಬರ್ತಾರೆ.'

ಚೌಕಾಸಿ ಮಾಡಿ ಐವತ್ತಕ್ಕೆ ಇಳಿಸಿದೆ. ಹದಿನೆಂಟು ಚೀಲ. ಹೊಟ್ಟು ಬೇಡ ಅಂತ ನಾನು ಹೇಳುವ ಮೊದಲೇ ಅವನು ಹುಡುಗನಿಗೆ ಕೂಗಿ ಹೇಳಿದ, 'ಮೇಲಿಂದ ಆರ್ಸ್ಕೊಂಡು ತುಂಬೋ.'